ಕಡಲಂಚಿನ ಉಸುಕಿನಲ್ಲಿ ಒಂದು ಹಗಲು

ಸಮುದ್ರದ ಉಬ್ಬರ-ಇಳಿತಗಳ ಪಾಠವನ್ನು ನಾನು ಮೂವತ್ತು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಕರಿಹಲಗೆಯ ಮೇಲೆ ಒಂದು ದೊಡ್ಡ ವೃತ್ತ, ಪಕ್ಕದಲ್ಲಿ ಒಂದು ಚಿಕ್ಕ ವೃತ್ತ, ನಡುವೆ ಒಂದೆರಡು ಬಾಣಗಳು. ಇಷ್ಟು ಬರೆದರೆ ಚಂದ್ರನೂ ಆಯಿತು, ಸಮುದ್ರವೂ ಆಯಿತು. ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದರು, ನಾನು ಗುಣ ಹಾಕುತ್ತಿದ್ದೆ. ಸಮುದ್ರವನ್ನು ಅವರೂ ಕಂಡಿರಲಿಲ್ಲ. ಶಿಕ್ಷಕರ ತರಬೇತಿಯ ಕಾಲದಲ್ಲಿ ಮುಂಬಯಿಯಲ್ಲಿ ಒಂದು ಸಂಜೆ ಗೋಡೆಯ ಮೇಲೆ ಕುಳಿತು ನೋಡಿದ್ದನ್ನು ಬಿಟ್ಟರೆ ನಾನೂ ಕಂಡಿರಲಿಲ್ಲ.

ಉಮರಗಾ, ನಿಲಂಗಾ, ಉದಗೀರದ ಕಡೆಯ ನಾವು ಎರೆಮಣ್ಣಿನ ಮಕ್ಕಳು. ಮಳೆ ಬಂದರೆ ತೊಗರಿ, ಜೋಳ. ಬಾರದಿದ್ದರೆ ಬಾಯಿ ಬಿಟ್ಟ ನೆಲ. ನಮ್ಮಲ್ಲಿಗೆ ಬರುವ ಮುಂಗಾರು ಪಶ್ಚಿಮದ ಕಡಲಿನಿಂದ ಏಳುತ್ತದೆ. ಆದರೆ ನಮ್ಮ ನೆಲದ ಮೇಲೆ ಬಿದ್ದ ನೀರು ತೇರಣೆಗೆ ಇಳಿದು, ತೇರಣೆ ಮಾಂಜರೆಯನ್ನು ಕೂಡಿ, ಮಾಂಜರೆ ಗೋದಾವರಿಯನ್ನು ಸೇರಿ ಪೂರ್ವದ ಕಡಲಿಗೆ ಹೋಗುತ್ತದೆ. ಎರಡು ಕಡಲುಗಳಿಗೂ ಸಂಬಂಧಿಗಳಾಗಿದ್ದು ಎರಡನ್ನೂ ಕಾಣದವರು ನಾವು. ಆದ್ದರಿಂದ 2019 ರ ಜನವರಿಯ ಕೊನೆಯ ವಾರದಲ್ಲಿ ಶೈಕ್ಷಣಿಕ ಪ್ರವಾಸದ ಮಾತು ಬಂದಾಗ, ಈ ಸಲ ಕೋಟೆ-ಗುಡಿಗಳ ಜೊತೆಗೆ ಕಡಲನ್ನೂ ತೋರಿಸಿಯೇ ತರಬೇಕೆಂದು ಹಟ ಹಿಡಿದೆ. ಏಳನೆಯ ತರಗತಿಯಲ್ಲಿದ್ದವರೇ ಎಂಟು ಮಂದಿ. ಅವರೊಡನೆ ಸಹಶಿಕ್ಷಕಿಯವರೂ ನಾನೂ. ಹತ್ತು ಜನರ ಪ್ರವಾಸವೆಂದರೆ ಒಂದು ಮದುವೆಯ ದಿಬ್ಬಣದಷ್ಟೂ ಅಲ್ಲ.

ಕಾಸರಗೋಡನ್ನೇ ಆರಿಸಿಕೊಂಡದ್ದಕ್ಕೆ ಒಂದು ಕಾರಣವಿತ್ತು. 1956 ರ ನವೆಂಬರ್ 1 ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಸೇರಿದವು; ಅದೇ ದಿನ ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಒಂದೇ ಕಾಗದದ ಮೇಲೆ ಎರಡು ತುದಿಗಳಲ್ಲಿ ಎಳೆದ ಗೆರೆಗಳು. ಆ ತುದಿಯ ಕನ್ನಡವನ್ನು ಈ ತುದಿಯ ಮಕ್ಕಳು ಒಮ್ಮೆ ಕಿವಿಯಾರೆ ಕೇಳಲಿ ಎಂಬುದು ನನ್ನ ಆಸೆ. ಆ ಕನ್ನಡವೇ ನನಗೊಂದು ಪಾಠ ಕಲಿಸಲು ಕಾದು ಕುಳಿತಿದೆಯೆಂದು ಆಗ ತಿಳಿದಿರಲಿಲ್ಲ.

ಅಲ್ಲಿನ ಒಂದು ಕನ್ನಡ ಶಾಲೆಯವರು ನಮಗೆ ತಂಗಲು ಜಾಗ ಕೊಟ್ಟರು. ಒಂದು ಹಗಲಿನ ಕಡಲ ಪ್ರವಾಸಕ್ಕಾಗಿ ಅವರೇ ಒಂದು ತೆರೆದ ಜೀಪನ್ನು ಗೊತ್ತು ಮಾಡಿದರು. ಜೀಪಿನ ಚಾಲಕನೇ ಮಾರ್ಗದರ್ಶಿ. ನಲವತ್ತರ ಆಸುಪಾಸಿನ ಮನುಷ್ಯ. ಮನೆಯಲ್ಲಿ ತುಳು, ಶಾಲೆಯಲ್ಲಿ ಕಲಿತದ್ದು ಕನ್ನಡ, ಪೇಟೆಯಲ್ಲಿ ಮಲಯಾಳ. ಮೊದಲ ಮಾತಿಗೇ ನನ್ನನ್ನು "ಮಾಷ್ಟ್ರೇ" ಎಂದು ಕರೆದ. ನಮ್ಮ ಮಕ್ಕಳು ಅವನನ್ನು "ಕಾಕಾ" ಎಂದರು. ಆತ "ಉಂಟು" ಎಂದಾಗಲೆಲ್ಲ ಹುಡುಗಿಯರು ಬಾಯಿಗೆ ಸೆರಗಿನಂತೆ ಕೈ ಅಡ್ಡ ಹಿಡಿದು ನಕ್ಕರು. ನಮ್ಮ ಹುಡುಗರು "ಹೌದ್ರೀ" ಎಂದಾಗ ಆತನೂ ನಕ್ಕ. ಲೆಕ್ಕ ಸರಿಹೋಯಿತು.

ಬೆಳಿಗ್ಗೆ ಹೊರಟು ಚಂದ್ರಗಿರಿ ಹೊಳೆಯನ್ನು ದಾಟಿ ಬೇಕಲ ಕೋಟೆಗೆ ಬಂದೆವು. ಹದಿನೇಳನೆಯ ಶತಮಾನದ ನಡುವಿನಲ್ಲಿ ಕೆಳದಿಯ ಶಿವಪ್ಪನಾಯಕ ಕಟ್ಟಿಸಿದ ಕೋಟೆಯಿದು. ಮುಂದೆ ಹೈದರನ ಕೈಗೂ, ಟೀಪುವಿನ ಕೈಗೂ, 1792 ರಲ್ಲಿ ಇಂಗ್ಲಿಷರ ಕೈಗೂ ಹೋಯಿತು. ನಲವತ್ತು ಎಕರೆಯಷ್ಟು ವಿಸ್ತಾರದ ಈ ಕೋಟೆಯ ಕೆಂಗಲ್ಲಿನ ಗೋಡೆಯ ಬುಡಕ್ಕೆ ಕಡಲು ಬಂದು ಹೊಡೆಯುತ್ತದೆ. ನಮ್ಮ ಮಕ್ಕಳಿಗೆ ಕೋಟೆ ಹೊಸದಲ್ಲ. 1760 ರ ಫೆಬ್ರವರಿಯಲ್ಲಿ ಮರಾಠರಿಗೂ ನಿಜಾಮನಿಗೂ ನಡೆದ ಉದಗೀರದ ಕಾಳಗದ ಪಾಠವನ್ನು ಅವರು ಉದಗೀರದ ಕೋಟೆಯಲ್ಲೇ ನಿಂತು ಕೇಳಿದವರು. ಆದರೆ ಕಂದಕದ ಬದಲಿಗೆ ಕಡಲನ್ನೇ ಇಟ್ಟುಕೊಂಡ ಕೋಟೆಯನ್ನು ಕಂಡು ಅವರು ಮಾತು ಮರೆತರು. ವೀಕ್ಷಣೆಯ ಬುರುಜಿನ ಮೇಲೆ ನಿಂತು ಮೊದಲ ಬಾರಿಗೆ ಕಡಲನ್ನು ಕಂಡ ಒಬ್ಬ ಹುಡುಗಿ ಬಹಳ ಹೊತ್ತಿನ ಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಸರ, ಇದಕ್ಕ ಆಕಡಿ ದಂಡಿ ಇಲ್ಲೇನ್ರೀ?"

ಅಲ್ಲಿಂದ ದಕ್ಷಿಣಕ್ಕೆ ಹೆದ್ದಾರಿ ಹಿಡಿದೆವು. ಕಾಞಂಗಾಡು, ನೀಲೇಶ್ವರ ದಾಟಿ ಪಯ್ಯನ್ನೂರು ಬಂತು. 1930 ರ ಏಪ್ರಿಲಿನಲ್ಲಿ ಕೆ. ಕೇಳಪ್ಪನವರು ಕೋಝಿಕ್ಕೋಡಿನಿಂದ ಕಾಲ್ನಡಿಗೆಯಲ್ಲಿ ಬಂದು ಉಪ್ಪಿನ ಕಾಯಿದೆಯನ್ನು ಮುರಿದ ಊರು ಇದು. ಅದೇ ದಿನಗಳಲ್ಲಿ ನಮ್ಮ ಅಂಕೋಲೆಯ ದಂಡೆಯಲ್ಲಿಯೂ ಉಪ್ಪಿನ ಸತ್ಯಾಗ್ರಹ ನಡೆದಿತ್ತೆಂಬುದನ್ನು ಮಕ್ಕಳಿಗೆ ಹೇಳಿದೆ. ಮಧ್ಯಾಹ್ನದ ಊಟವನ್ನು ಕಣ್ಣೂರಿನಲ್ಲಿ ಮುಗಿಸಿ, ಅಲ್ಲಿಂದ ಸುಮಾರು ಹದಿನೈದು ಕಿಲೋಮೀಟರ್ ದೂರದ ಮುಝಪ್ಪಿಲಂಗಾಡಿನ ದಂಡೆಗೆ ಬಂದಾಗ ಗಂಟೆ ಎರಡಾಗಿತ್ತು.

ಈ ದಂಡೆಯ ವಿಶೇಷವೆಂದರೆ ಇಲ್ಲಿ ಉಸುಕಿನ ಮೇಲೆಯೇ ವಾಹನ ಓಡುತ್ತದೆ. ಕಣ್ಣೂರಿಗೂ ತಲಶ್ಶೇರಿಗೂ ನಡುವೆ ನಾಲ್ಕು ಕಿಲೋಮೀಟರಿಗೂ ಮಿಕ್ಕಿ ಚಾಚಿಕೊಂಡಿರುವ ಈ ಉಸುಕು ಸಮತಟ್ಟಾಗಿ, ಗಟ್ಟಿಯಾಗಿ ಒತ್ತಿಕೊಂಡಿದೆ. ದಡದಿಂದ ಆಚೆ ನೀರಿನಲ್ಲಿ ಸಾಲಾಗಿ ತಲೆಯೆತ್ತಿದ ಕರಿಯ ಬಂಡೆಗಳು ಅಲೆಗಳ ಸೊಕ್ಕನ್ನು ಮುರಿಯುತ್ತವೆ. ದಕ್ಷಿಣದ ತುದಿಯಲ್ಲಿ ತೆಂಗಿನ ಮರಗಳಿಂದ ತುಂಬಿದ ಧರ್ಮಡಮ್ ದ್ವೀಪ. ನೀರು ಇಳಿದಾಗ ಅಲ್ಲಿಗೆ ನಡೆದೇ ಹೋಗಬಹುದು.

ಉಸುಕಿನ ಮೇಲೆ ಓಡಿಸುವುದಕ್ಕಾಗಿಯೇ ಹೊರದೇಶಗಳಲ್ಲಿ ಒಂದು ಬಗೆಯ ಬಂಡಿಯನ್ನು ಮಾಡಿದ್ದಾರೆ. ಅದಕ್ಕೆ ಡ್ಯೂನ್ ಬಗ್ಗಿ ಎಂದು ಹೆಸರು. ಉಸುಕಿನ ದಿಬ್ಬದ ಬಂಡಿ ಎನ್ನೋಣ. 1964 ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬ್ರೂಸ್ ಮೇಯರ್ಸ್ ಎಂಬುವರು ಫೋಕ್ಸ್‌ವ್ಯಾಗನ್ ಮೋಟಾರಿನ ಯಂತ್ರಕ್ಕೆ ನಾರುಗಾಜಿನ ಹಗುರವಾದ ಮೈ ಹೊದಿಸಿ ಇಂಥದೊಂದನ್ನು ಕಟ್ಟಿದರು. ಅದಕ್ಕೆ ಮಾಡಿಲ್ಲ, ಬಾಗಿಲಿಲ್ಲ. ಯಂತ್ರ ಹಿಂದೆ, ಗಾಲಿ ಅಗಲ. ಬ್ರೆಜಿಲ್ ದೇಶದ ನಟಾಲ್ ಎಂಬ ಕಡಲೂರಿನಲ್ಲಿ ಇಂಥ ಬಂಡಿಗಳಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ದಿಬ್ಬಗಳ ಮೇಲೆ ಹಗಲಿಡೀ ಸುತ್ತಿಸುತ್ತಾರೆ. ಹೊರಡುವ ಮುಂಚೆ ಅಲ್ಲಿನ ಚಾಲಕರು ಒಂದು ಪ್ರಶ್ನೆ ಕೇಳುವ ರೂಢಿಯಿದೆಯಂತೆ: "ಎದೆ ಝಲ್ಲೆನ್ನುವಂತೆ ಓಡಿಸಲೋ, ಸಾವಕಾಶವಾಗಿಯೋ?" ಇದನ್ನು ಕೇಳಿ ನಮ್ಮ ಹುಡುಗರು ಒಕ್ಕೊರಲಿನಿಂದ ಮೊದಲನೆಯದನ್ನೇ ಬೇಡಿದರು. ಸಹಶಿಕ್ಷಕಿಯವರು ಎರಡನೆಯದನ್ನು ಖಾಯಂ ಮಾಡಿದರು.

ನಮ್ಮದು ಬಗ್ಗಿಯಲ್ಲ, ಹಳೆಯ ಜೀಪು. ದಂಡೆಗೆ ಇಳಿಯುವ ಮುನ್ನ ಚಾಲಕ ಕೆಳಗಿಳಿದು ನಾಲ್ಕೂ ಗಾಲಿಗಳ ಗಾಳಿಯನ್ನು ಅರ್ಧಕ್ಕೆ ಹತ್ತಿರ ಇಳಿಸಿದ. ಗಾಳಿ ಕಡಿಮೆಯಾದರೆ ಗಾಲಿ ಚಪ್ಪಟೆಯಾಗಿ ನೆಲವನ್ನು ಅಗಲವಾಗಿ ತುಳಿಯುತ್ತದೆ; ಭಾರ ಹರಡಿಕೊಳ್ಳುತ್ತದೆ; ಬಂಡಿ ಹೂಳುವುದಿಲ್ಲ. ಒಂಟೆಯ ಪಾದ ಅಗಲವಾಗಿರುವುದೂ ಇದಕ್ಕಾಗಿಯೇ. ಒತ್ತಡವೆಂದರೆ ಭಾರವನ್ನು ಕ್ಷೇತ್ರಫಲದಿಂದ ಭಾಗಿಸಿದ್ದು ಎಂಬ ಸೂತ್ರವನ್ನು ಮಕ್ಕಳು ಆವತ್ತು ಕಣ್ಣಿನಿಂದ ಕಂಡರು.

ಮಕ್ಕಳು ಇನ್ನೊಂದನ್ನೂ ಗಮನಿಸಿದರು. ಒದ್ದೆಯ ಉಸುಕನ್ನು ಕಾಲಿನಿಂದ ಒತ್ತಿದರೆ ಪಾದದ ಸುತ್ತಲೂ ಅದು ಕ್ಷಣಕಾಲ ಒಣಗಿದಂತೆ ಬೆಳ್ಳಗಾಗುತ್ತದೆ. ಒತ್ತಿದಾಗ ಕಣಗಳು ಒಂದರ ಮೇಲೊಂದು ಜರುಗಿ ನಡುವಣ ಸಂದುಗಳು ಹಿಗ್ಗುತ್ತವೆ, ಮೇಲಿನ ನೀರು ಆ ಸಂದುಗಳಿಗೆ ಇಳಿಯುತ್ತದೆ. ಓಸ್‌ಬರ್ನ್ ರೆನಾಲ್ಡ್ಸ್ ಎಂಬ ಇಂಗ್ಲಿಷ್ ವಿಜ್ಞಾನಿ 1885 ರಲ್ಲಿ ಇದನ್ನು ವಿವರಿಸಿದ. ಒಣ ಉಸುಕು ಜಾರುತ್ತದೆ. ಹದವಾಗಿ ಒದ್ದೆಯಾದದ್ದು ನೀರಿನ ತೆಳು ಪೊರೆಯಿಂದ ಒಂದನ್ನೊಂದು ಹಿಡಿದುಕೊಂಡು ಗಟ್ಟಿಯಾಗುತ್ತದೆ. ನೀರು ತುಂಬಿ ತುಳುಕಿದರೆ ಮತ್ತೆ ಕಣಗಳು ತೇಲಿ ಸಡಿಲವಾಗುತ್ತವೆ. ಅಮೆರಿಕದ ಡೇಟೋನಾ ದಂಡೆಯ ಇಂಥ ಹದವಾದ ಉಸುಕಿನ ಮೇಲೆಯೇ 1935 ರ ಮಾರ್ಚಿನಲ್ಲಿ ಮಾಲ್ಕಂ ಕ್ಯಾಂಬೆಲ್ ಗಂಟೆಗೆ 276 ಮೈಲಿ ವೇಗದಲ್ಲಿ ಮೋಟಾರು ಓಡಿಸಿ ದಾಖಲೆ ಮಾಡಿದ. ನಮ್ಮ ಎರೆಮಣ್ಣಿನದು ಇದಕ್ಕೆ ತಿರುವುಮುರುವು: ಒಣಗಿದರೆ ಕಲ್ಲು, ನೆನೆದರೆ ಗೋಂದು.

ಚಾಲಕ ನೀರಿನ ಅಂಚಿಗೂ ಹೋಗದೆ, ಮೇಲಿನ ಒಣ ದಿಬ್ಬಕ್ಕೂ ಹತ್ತದೆ, ನಡುವಿನ ಹದವಾದ ಪಟ್ಟಿಯಲ್ಲಿಯೇ ಜೀಪು ಓಡಿಸಿದ. ದಿಬ್ಬದ ಮೇಲೆ ಮೇಕೆಯ ಗೊರಸಿನಂಥ ಎಲೆಯ, ನೇರಿಳೆ ಹೂವಿನ ಬಳ್ಳಿ ಹಬ್ಬಿತ್ತು. "ಆ ಬಳ್ಳಿಯ ಮೇಲೆ ಚಕ್ರ ಹತ್ತಿಸಬಾರದು ಮಕ್ಕಳೇ. ದಿಬ್ಬವನ್ನು ಹಿಡಿದುಕೊಂಡದ್ದು ಅದೇ" ಎಂದ. ಬಳ್ಳಿ ಸತ್ತರೆ ದಿಬ್ಬ ಗಾಳಿಗೆ ಹಾರುತ್ತದೆ; ದಿಬ್ಬ ಹೋದರೆ ಬಿರುಗಾಳಿಯ ದಿನ ಕಡಲಿಗೂ ಊರಿಗೂ ನಡುವೆ ಅಡ್ಡಿಯೇ ಇರುವುದಿಲ್ಲ. 1991 ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಲ್ಲಿಯೇ ಉಸುಕಿನ ದಿಬ್ಬಗಳನ್ನು ಕೆಡಿಸಬಾರದೆಂಬ ನಿಷೇಧವಿತ್ತು. ಈ ಕರಾವಳಿಯ ಶಾಂತವಾದ ದಂಡೆಗಳಿಗೆ ಆಲಿವ್ ರಿಡ್ಲೆ ಎಂಬ ಕಡಲಾಮೆಗಳು ರಾತ್ರಿ ಬಂದು, ಗುಂಡಿ ತೋಡಿ, ನೂರರ ಆಸುಪಾಸು ಮೊಟ್ಟೆಯಿಟ್ಟು ಮುಚ್ಚಿ ಹೋಗುತ್ತವೆ. ಮರಿ ಹೊರಬರಲು ಒಂದೂವರೆಯಿಂದ ಎರಡು ತಿಂಗಳು ಬೇಕು. ಅವುಗಳ ಮೇಲೆ ಗಾಲಿ ಹರಿದರೆ ಕೇಳುವವರಾರು? ಕೋಝಿಕ್ಕೋಡು ಜಿಲ್ಲೆಯ ಕೊಳಾವಿಪ್ಪಾಲಂ ಎಂಬಲ್ಲಿ ಮೀನುಗಾರ ಯುವಕರೇ 1992 ರಿಂದ ಈ ಮೊಟ್ಟೆಗಳ ಕಾವಲಿಗೆ ನಿಂತರು. ವಾಹನ ಓಡಬಹುದಾದ ದಂಡೆಯಲ್ಲಿ ಎಲ್ಲೆಲ್ಲಿ ಓಡಿಸಬಾರದೆಂದು ಬಲ್ಲವನೇ ನಿಜವಾದ ಮಾರ್ಗದರ್ಶಿ.

ಇನ್ನು ನನ್ನ ತಪ್ಪಿನ ಕಥೆ.

ದಂಡೆಯ ಒಂದು ಕಡೆ ಊರಿನೊಳಗಿನಿಂದ ಸಣ್ಣ ನೀರಿನ ಹರಿವೊಂದು ಬಂದು ಕಡಲಿಗೆ ಸೇರುತ್ತಿತ್ತು. ಅದರ ಆಸುಪಾಸಿನಲ್ಲಿ ಕಪ್ಪೆಚಿಪ್ಪುಗಳು ರಾಶಿ ಬಿದ್ದಿದ್ದವು. ಮಕ್ಕಳು "ನಿಲ್ಲಸ್ರೀ, ನಿಲ್ಲಸ್ರೀ" ಎಂದು ಕೂಗಿದರು. ನಾನೂ ನಿಲ್ಲಿಸಲು ಹೇಳಿದೆ. ಚಾಲಕ ವೇಗ ತಗ್ಗಿಸಿ ನನ್ನತ್ತ ತಿರುಗಿ, "ಇಲ್ಲಿ ಹೊಯಿಗೆ ಭಾರೀ ಮೆತ್ತಗುಂಟು ಮಾಷ್ಟ್ರೇ. ಆದೀತಾ?" ಎಂದು ಕೇಳಿದ.

ಹೊಯಿಗೆ ಎಂಬ ಮಾತು ನನಗೆ ಗೊತ್ತಿರಲಿಲ್ಲ. ಹೊಯ್ಯುವ ಗಾಳಿಯನ್ನೇ ಹೀಗೆನ್ನುತ್ತಿರಬೇಕು, ಗಾಳಿ ಮೆಲ್ಲಗಿದೆಯೆಂದು ಹೇಳುತ್ತಿರಬೇಕು ಎಂದು ಊಹಿಸಿದೆ. ಹಾಗೆಂದರೇನು ಎಂದು ಕೇಳಬಹುದಾಗಿತ್ತು. ಆದರೆ ಎಂಟು ಮಕ್ಕಳ ಎದುರಿಗೆ ಕನ್ನಡದ ಮುಖ್ಯಾಧ್ಯಾಪಕನಾದವನು ಕನ್ನಡದ ಒಂದು ಶಬ್ದದ ಅರ್ಥವನ್ನು ಜೀಪಿನ ಚಾಲಕನಿಗೆ ಕೇಳುವುದೇ? ತಲೆಯಾಡಿಸಿ, "ಆಗಲಿ, ಆಗಲಿ, ನಿಲ್ಲಿಸಿರಿ" ಎಂದೆ. ಹಿರಿಯರ ಮಾತು ಮೀರಬಾರದೆಂದು ಆತ ನಿಲ್ಲಿಸಿದ.

ಹತ್ತು ನಿಮಿಷ ಚಿಪ್ಪು ಆರಿಸಿ ಮರಳಿ ಬಂದಾಗ ಜೀಪಿನ ಹಿಂಗಾಲಿಗಳು ಅರ್ಧ ಇಳಿದಿದ್ದವು. ಚಾಲಕ ಯಂತ್ರ ಚಾಲೂ ಮಾಡಿದ. ಗಾಲಿಗಳು ಗರಗರ ತಿರುಗಿ ನೀರುಸುಕನ್ನು ಹಿಂದಕ್ಕೆ ಎರಚಿ ಇನ್ನೂ ಕೆಳಗಿಳಿದವು. ಆತ ಗಡಿಯಾರ ನೋಡಿಕೊಂಡು, ಕಡಲನ್ನು ನೋಡಿ, ಮೆಲುದನಿಯಲ್ಲಿ "ನೀರು ಏರುವ ಹೊತ್ತು" ಎಂದ. ಎರಡು ಗಂಟೆಯವರೆಗೆ ಇಳಿದಿದ್ದ ನೀರು ತಿರುಗಿತ್ತು. ಆ ದಂಡೆಯ ಇಳಿಜಾರು ಬಹಳ ಕಡಿಮೆ. ನೀರು ಒಂದು ಗೇಣು ಏರಿದರೂ ಸಾಕು, ಎಷ್ಟೋ ಮಾರು ಉಸುಕು ಮುಳುಗುತ್ತದೆ. ಇದನ್ನು ನಾನು ಹಲಗೆಯ ಮೇಲೆ ಎಂದೂ ಬರೆದು ತೋರಿಸಿರಲಿಲ್ಲ. ದೂರದಲ್ಲಿದ್ದ ನೊರೆಯ ಗೆರೆ ಪ್ರತಿಯೊಂದು ಅಲೆಗೂ ಒಂದಿಷ್ಟು ಹತ್ತಿರ ಬರುತ್ತಿತ್ತು. ಮಕ್ಕಳ ತಂದೆತಾಯಿಗಳ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಆ ಜೀಪೇ ಆ ಮನುಷ್ಯನ ಸಂಸಾರದ ಅನ್ನವೆಂಬುದೂ ನೆನಪಾಯಿತು. ಮೊದಲು ಮಕ್ಕಳನ್ನು ಸಹಶಿಕ್ಷಕಿಯವರ ಜೊತೆಗೆ ಮೇಲಿನ ತೆಂಗಿನ ತೋಪಿಗೆ ಕಳುಹಿಸಿದೆ.

ಕಳುಹಿಸಿದವರಲ್ಲಿ ಒಬ್ಬ ಓಡುತ್ತ ಹಿಂದಿರುಗಿದ. ಒಕ್ಕಲುತನದ ಮನೆಯ ಹುಡುಗ. ತರಗತಿಯಲ್ಲಿ ಬಾಯಿ ತೆರೆದು ಮಾತಾಡಿದ್ದನ್ನು ನಾನು ಕೇಳಿದ್ದೇ ಕಡಿಮೆ. "ಕಾಕಾ, ಗಾಲಿ ತಿರಗಸಬ್ಯಾಡ್ರಿ, ಇನ್ನಷ್ಟ ಹುಗೀತದ. ನಮ್ಮ ಹೊಲದಾಗ ಟ್ರ್ಯಾಕ್ಟರ ಸಿಕ್ಕರ ನಮ್ಮಪ್ಪ ಗಾಲಿ ಮುಂದಿಂದು ಮಣ್ಣು ತೆಗದು ತೊಗರಿ ಕಟ್ಟಗಿ ಹಾಸತಾನ್ರಿ" ಎಂದ. ಅಲ್ಲಿ ತೊಗರಿ ಕಟ್ಟಿಗೆ ಎಲ್ಲಿಂದ ಬರಬೇಕು? ತೋಪಿನ ಕೆಳಗೆ ಒಣಗಿದ ತೆಂಗಿನ ಗರಿಗಳು ಬಿದ್ದಿದ್ದವು. ಮಕ್ಕಳು ಅವನ್ನು ಎಳೆದು ತಂದು ಒಣ ಉಸುಕಿನ ಅಂಚಿಗೆ ಒಟ್ಟಿದರು. ಚಾಲಕನೂ ನಾನೂ ಮೊಣಕಾಲೂರಿ ತೆಂಗಿನ ಚಿಪ್ಪುಗಳಿಂದ ಗಾಲಿಗಳ ಮುಂದಿನ ಉಸುಕನ್ನು ತೋಡಿದೆವು. ತೋಡಿದ ಗುಂಡಿಗೆ ಕೆಳಗಿನಿಂದ ನೀರು ಒಸರುತ್ತಿತ್ತು. ಗಾಲಿಗಳ ಗಾಳಿಯನ್ನು ಮತ್ತಷ್ಟು ಇಳಿಸಿ, ಗರಿಗಳನ್ನು ಪದರ ಪದರವಾಗಿ ಹಾಸಿದೆವು. ಬಲೆ ಒಣಗಿಸುತ್ತಿದ್ದ ಐದಾರು ಮೀನುಗಾರರು ಕರೆಯದೆಯೇ ಬಂದು ಹಿಂದೆ ಹೆಗಲು ಕೊಟ್ಟರು. ಅವರ ಮಲಯಾಳ ನನಗೆ ತಿಳಿಯದು, ನನ್ನ ಕನ್ನಡ ಅವರಿಗೆ ತಿಳಿಯದು. "ಐಸಾ" ಎಂಬುದು ಎಲ್ಲರಿಗೂ ತಿಳಿಯಿತು. ಮೊದಲ ಸಲ ಜೀಪು ಅಲುಗಾಡಿ ಹಿಂದಕ್ಕೇ ಜಾರಿತು. ಎರಡನೆಯ ಸಲ ಗರಿಗಳೇ ಹಿಂದಕ್ಕೆ ಚಿಮ್ಮಿದವು. ಮತ್ತೆ ಹಾಸಿದೆವು. ಅಷ್ಟರಲ್ಲಿ ಒಂದು ಅಲೆಯ ನೊರೆ ಗಾಲಿಯನ್ನು ಮುಟ್ಟಿ ಹೋಯಿತು. ಮೂರನೆಯ ಸಲ ಜೀಪು ನರಳುತ್ತ ಮೇಲೆದ್ದು, ನಿಲ್ಲದೆ ಗಟ್ಟಿ ನೆಲದವರೆಗೆ ಓಡಿತು. ತೋಪಿನ ಕೆಳಗಿನಿಂದ ಮಕ್ಕಳ ಕೂಗು ಕಡಲಿನ ಸದ್ದನ್ನೂ ಮುಚ್ಚಿತು. ನಲವತ್ತು ನಿಮಿಷ ಕಳೆದಿತ್ತು. ನಾವು ನಿಂತಿದ್ದ ಜಾಗದ ಮೇಲೆ ಸ್ವಲ್ಪ ಹೊತ್ತಿನಲ್ಲಿಯೇ ನೀರು ಸಮನಾಗಿ ಹರಡಿಕೊಂಡಿತು. ಗುಂಡಿಯ ಗುರುತೂ ಉಳಿಯಲಿಲ್ಲ.

ಮೀನುಗಾರರು ಹಣ ಮುಟ್ಟಲಿಲ್ಲ, ಚಹಾ ಕುಡಿದರು. ಚಾಲಕ ಜೀಪಿನ ಅಡಿಯನ್ನು ಸಿಹಿನೀರಿನಿಂದ ತೊಳೆದ. ಉಪ್ಪುನೀರು ಕಬ್ಬಿಣವನ್ನು ತಿನ್ನುತ್ತದೆ. ಬಾಡಿಗೆಯ ಮೇಲೆ ನಾನು ಕೊಡಹೋದದ್ದನ್ನು ಆತ ಮೊದಲು ಬೇಡವೆಂದ, ಮಕ್ಕಳ ಮುಂದೆ ಒತ್ತಾಯ ಮಾಡಿದ ಮೇಲೆ ತೆಗೆದುಕೊಂಡ. ಆಮೇಲೆ ನಾನು ಕೇಳಿದೆ: "ಹೊಯಿಗೆ ಎಂದರೇನಪ್ಪಾ?" ಆತ ನನ್ನನ್ನು ಬೆರಗಾಗಿ ನೋಡಿ, ಬಾಗಿ ಒಂದು ಹಿಡಿ ಉಸುಕೆತ್ತಿ, "ಇದೇ ಅಲ್ವಾ ಮಾಷ್ಟ್ರೇ!" ಎಂದ. ಬಳಿಕ ತಾನೇ ನೊಂದುಕೊಂಡು, "ನಿಮಗೆ ತಿಳಿಯಲಿಲ್ಲವೆಂದು ನನಗೆ ಗೊತ್ತಾಗಲಿಲ್ಲ" ಎಂದ. ತಪ್ಪು ಅವನದಾಗಿರಲಿಲ್ಲ. ಅವನು ಕೇಳಿದ್ದ, ಕೇಳದಿದ್ದವನು ನಾನು.

ಅಂದು ರಾತ್ರಿ ಶಾಲೆಯ ಜಗಲಿಯಲ್ಲಿ ಮಕ್ಕಳನ್ನು ಕೂರಿಸಿ ನಡೆದುದನ್ನು ಮುಚ್ಚಿಡದೆ ಹೇಳಿದೆ. ಬಳಿಕ ಹಲಗೆಯ ಮೇಲೆ ಬರೆದೆವು: ನಮ್ಮ ಕಡೆ ಉಸುಕು, ಮೈಸೂರಿನ ಕಡೆ ಮರಳು, ಕರಾವಳಿಯಲ್ಲಿ ಹೊಯಿಗೆ. ತುಳುವಿನಲ್ಲಿ ಅದೇ ಪೊಯ್ಯೆ. ಹಳೆಯ ಪಕಾರ ಕನ್ನಡದಲ್ಲಿ ಹಕಾರವಾದಂತೆ ಪೊಯ್ಯೆ-ಹೊಯಿಗೆಗಳು ಒಂದೇ ಬಳ್ಳಿಯ ಕಾಯಿಗಳು. ಮಲಯಾಳದಲ್ಲಿ ಮಣಲ್, ನಮ್ಮ ಹಳಗನ್ನಡದ ಮಳಲ್ ಅದರ ಒಡಹುಟ್ಟು. ಮರಾಠಿಯಲ್ಲಿ ವಾಳೂ ಎಂದು ಹುಡುಗಿಯೊಬ್ಬಳು ಸೇರಿಸಿದಳು. ಒಂದು ಹಿಡಿ ಉಸುಕಿಗೆ ಇಷ್ಟು ಹೆಸರುಗಳು.

ಊರಿಗೆ ಬಂದ ಮೇಲೆ ಗ್ರಂಥಾಲಯದಲ್ಲಿ ಓದಿದೆ. ರಾಲ್ಫ್ ಬ್ಯಾಗ್ನೋಲ್ಡ್ ಎಂಬ ಇಂಗ್ಲಿಷ್ ಸೈನ್ಯಾಧಿಕಾರಿ 1920-30 ರ ದಶಕಗಳಲ್ಲಿ ಲಿಬಿಯಾದ ಮರುಭೂಮಿಯನ್ನು ಫೋರ್ಡ್ ಮೋಟಾರುಗಳಲ್ಲಿ ದಾಟಿದವನು. ಉಸುಕಿನ ದಿಬ್ಬಗಳ ಭೌತಶಾಸ್ತ್ರದ ಬಗ್ಗೆ 1941 ರಲ್ಲಿ ಗ್ರಂಥವನ್ನೇ ಬರೆದ. ಮೋಟಾರು ಹೂತಾಗ ಅವನು ಮಾಡುತ್ತಿದ್ದುದೇನು? ಗಾಲಿಯ ಗಾಳಿ ಇಳಿಸಿ, ಮುಂದಿನ ಉಸುಕು ತೆಗೆದು, ಉಕ್ಕಿನ ಪಟ್ಟಿಗಳನ್ನು ಹಾಸುವುದು. ನಮ್ಮ ಹುಡುಗನ ತಂದೆ ತೊಗರಿ ಕಟ್ಟಿಗೆಯಿಂದ ಮಾಡುವುದೂ ಅದನ್ನೇ.

ಕಡಲಿಗೆ ಮಕ್ಕಳನ್ನು ಕರೆದೊಯ್ಯುವ ನನ್ನ ವೃತ್ತಿಬಾಂಧವರಲ್ಲಿ ಒಂದು ವಿನಂತಿ. ಆ ದಿನದ ಉಬ್ಬರ-ಇಳಿತದ ವೇಳೆಯನ್ನು ಮೊದಲೇ ತಿಳಿದುಕೊಳ್ಳಿರಿ. ಅದು ದಿನದಿಂದ ದಿನಕ್ಕೆ ಐವತ್ತು ನಿಮಿಷದಷ್ಟು ಮುಂದೆ ಸರಿಯುತ್ತದೆ. ವಾಹನಕ್ಕೆ ಅನುಮತಿಯಿದೆಯೇ ಎಂದು ಸ್ಥಳೀಯರನ್ನು ವಿಚಾರಿಸಿರಿ. ಹರಿವಿನ ಬಾಯಿಯ ಹತ್ತಿರ ವಾಹನ ನಿಲ್ಲಿಸಬೇಡಿರಿ. ಆ ನೆಲದವನು ಒಂದು ಮಾತು ಹೇಳಿದಾಗ ಅದು ತಿಳಿಯದಿದ್ದರೆ ಸಂಕೋಚಪಡದೆ ಕೇಳಿರಿ.

ಆ ಎಂಟು ಮಕ್ಕಳು ನಮ್ಮ ಶಾಲೆ ಬಿಟ್ಟು ಹೋಗಿ ವರ್ಷಗಳಾದವು. ಆದರೆ ಅಂದಿನಿಂದ ನಮ್ಮಲ್ಲಿ ಒಂದು ರೂಢಿ ಬೆಳೆದಿದೆ. ಪಾಠದ ನಡುವೆ ತಿಳಿಯದ ಶಬ್ದ ಬಂದರೆ ಮಕ್ಕಳು ಕೈಯೆತ್ತಿ "ಸರ, ಹೊಯಿಗೆ!" ಎನ್ನುತ್ತಾರೆ. ನಾನು ಪಾಠ ನಿಲ್ಲಿಸುತ್ತೇನೆ. ನನಗೂ ತಿಳಿಯದ ಶಬ್ದವಾಗಿದ್ದರೆ, ನಾನೂ ಕೈಯೆತ್ತುತ್ತೇನೆ.